ಕಣ್ಣು ಚುಚ್ಚದ ಕಾಯಿ

ಯಂತ್ರಕ್ಕೆ ಒಂದು ಕಾಯಿಗೆ ಹನ್ನೊಂದು ಸೆಕೆಂಡು ಸಾಕಾಗುತ್ತಿತ್ತು. ಸಾಗುಪಟ್ಟಿಯ ಮೇಲೆ ಸಿಪ್ಪೆಸಮೇತ ಉರುಳಿಬರುವ ತೆಂಗಿನಕಾಯಿಯನ್ನು ರಬ್ಬರಿನ ಮೂರು ಬೆರಳುಗಳು ತಡೆದು ಹಿಡಿಯುತ್ತಿದ್ದವು. ಕಣ್ಣಿಗೆ ಕಾಣದ ಕಿರಣವೊಂದು ಕಾಯಿಯನ್ನು ಹಾದುಹೋಗಿ, ಒಳಗಿರುವ ಭ್ರೂಣ ಜೀವಂತವೋ ಸತ್ತಿದೆಯೋ ಎಂಬುದನ್ನು ಪರದೆಯ ಮೇಲೆ ಬಿಳಿ ಅಥವಾ ಕಪ್ಪು ಚುಕ್ಕೆಯಾಗಿ ತೋರಿಸುತ್ತಿತ್ತು. ಆಮೇಲೆ ಟೊಳ್ಳು ಸೂಜಿ ತೊಟ್ಟಿನ ಕಡೆಯಿಂದ ಸಿಪ್ಪೆಯೊಳಗೆ ಇಳಿದು, ಕರಟದ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದನ್ನು ಹುಡುಕಿ, ಅದರಡಿಯ ತಿರುಳಿನಲ್ಲಿ ಹುದುಗಿದ, ಮಗುವಿನ ಹಾಲುಹಲ್ಲಿನಷ್ಟಿರುವ ಭ್ರೂಣವನ್ನು ಎಳೆದುಕೊಳ್ಳುತ್ತಿತ್ತು. ಸೂಜಿ ಹೊರಬಂದ ದಾರಿಯನ್ನು ಹಸಿರು ಮೇಣ ಮುಚ್ಚುತ್ತಿತ್ತು. ಭ್ರೂಣ ಗಾಜಿನ ನಳಿಕೆಗೆ, ಕಾಯಿ ಮಾರುಕಟ್ಟೆಗೆ.

ಯಂತ್ರದ ಹೆಸರು ಭ್ರೂಣಸೆಳೆ. ಅದನ್ನು ರೂಪಿಸಿದವರಲ್ಲಿ ಒಬ್ಬಳು ಡಾ. ಶಾಂಭವಿ ಕೆರೂರ, ಕರಾವಳಿಯ ಈ ಭ್ರೂಣಸಂಗ್ರಹ ಕೇಂದ್ರದ ಮುಖ್ಯಸ್ಥೆ. ಹದಿನಾಲ್ಕು ವರ್ಷಗಳ ಹಿಂದೆ ಕರಾವಳಿಗೆ ಬಂದ ಸುಳಿಬಾಡು ರೋಗ ಮೂರೇ ಮಳೆಗಾಲಗಳಲ್ಲಿ ಹತ್ತರಲ್ಲಿ ಒಂಬತ್ತು ತೆಂಗಿನ ಮರಗಳನ್ನು ಕೊಂದಿತ್ತು. ಉಳಿದ ಮರಗಳ ಕಾಯಿಗಳಲ್ಲಿ ರೋಗವನ್ನು ತಡೆಯಬಲ್ಲ ಭ್ರೂಣ ಇರುವುದು ಎಲ್ಲೋ ಸಾವಿರಕ್ಕೊಂದರಲ್ಲಿ. ಯಾವುದರಲ್ಲಿದೆ ಎಂಬುದು ಭ್ರೂಣವನ್ನು ಹೊರತೆಗೆದು ಪರೀಕ್ಷಿಸದೆ ತಿಳಿಯುತ್ತಿರಲಿಲ್ಲ. ಹಾಗಾಗಿ ಸರ್ಕಾರ ಕಾಯ್ದೆ ಮಾಡಿತು: ಕೊಯ್ದ ಪ್ರತಿಯೊಂದು ಕಾಯಿಯೂ ಭ್ರೂಣಸೆಳೆಯ ಮೂಲಕವೇ ಹಾದುಹೋಗಬೇಕು. ಸತ್ತ ಭ್ರೂಣವಾದರೂ ಸರಿ, ರೋಗದ ಅಧ್ಯಯನಕ್ಕೆ ಬೇಕು.

ಒಳ್ಳೆಯ ಭ್ರೂಣ ಸಿಕ್ಕಿದರೆ ಅದನ್ನು ಸೋಂಕಿಲ್ಲದ ಕೋಣೆಯಲ್ಲಿ ಸೀಳಿ, ಸಕ್ಕರೆ, ಲವಣ, ಇದ್ದಿಲ ಪುಡಿ ಮತ್ತು ಬೆಳವಣಿಗೆ ಚೋದಕಗಳನ್ನು ಬೆರೆಸಿದ ಕಪ್ಪು ಪೋಷಕದ್ರವದಲ್ಲಿ ಇಡುತ್ತಿದ್ದರು. ಎರಡು ತಿಂಗಳು ಕತ್ತಲೆ, ಆಮೇಲೆ ಏಳು ತಿಂಗಳು ದೀಪದ ಬೆಳಕು. ಒಂದು ಭ್ರೂಣದಿಂದ ಮುನ್ನೂರು ಸಸಿ. ಕೇಂದ್ರದ ನೆಲಮಾಳಿಗೆಯಲ್ಲಿ ಹೀಗೆ ಎರಡು ಲಕ್ಷ ನಳಿಕೆಗಳಿದ್ದವು. ಶಾಂಭವಿಗೆ ಅವುಗಳ ನಡುವೆ ಓಡಾಡುವುದೆಂದರೆ ಇಷ್ಟ. ಬಯಲುಸೀಮೆಯಿಂದ ಬಂದ ಅವಳಿಗೆ ತೆಂಗಿನ ತೋಟ ಹೇಗಿರುತ್ತಿತ್ತು ಎಂಬುದು ಹೆಚ್ಚಾಗಿ ಛಾಯಾಚಿತ್ರಗಳಿಂದ ಗೊತ್ತು; ಆದರೆ ತೆಂಗಿನ ಭ್ರೂಣವನ್ನು ಅವಳಷ್ಟು ಬಲ್ಲವರು ದೇಶದಲ್ಲಿ ನಾಲ್ಕೈದು ಜನ ಇದ್ದರೇನೋ.

ಒಂದು ಬುಧವಾರ ಗೇಟಿನ ವಾಸು ಪೂಜಾರಿ ಒಳಗೆ ಬಂದ. ಹಿಂದೆ ಶೇಂದಿ ಇಳಿಸುತ್ತಿದ್ದವನು. ಹತ್ತಲು ಮರಗಳಿಲ್ಲದಾದ ಮೇಲೆ ಈ ಕೆಲಸಕ್ಕೆ ಸೇರಿದ್ದ.

"ಅಮ್ಮ, ಮರಳಕೋಡಿಯಿಂದ ಒಂದ್ ಹೆಂಗ್ಸ್ ಬಂದಿತ್ತ್. ಬೀಜದ್ ಕಾಯಿ ಬೇಕಂಬ್ರ್. ಇಲ್ಲಿ ಕಾಯಿ ಒಳ್ಗ್ ಹೋಪುದ್ ಜೀವ ಇಟ್ಕಂಡ್, ಹೊರ್ಗ್ ಬಪ್ಪುದ್ ಮೇಣ ಇಟ್ಕಂಡ್ ಅಂತ ಹೇಳ್ದೆ. ಕೇಂತಿಲ್ಲ. ಮೀನ್ ಮಾರುವವ್ರ್ ಹತ್ರ ಚೌಕಾಸಿ ಮಾಡಿ ಗೆದ್ದವ್ರ್ ಯಾರಿದ್ರ್?"

"ಕಳಸ್ರಿ ಒಳಗ," ಎಂದಳು ಶಾಂಭವಿ.

ಬಂದವಳಿಗೆ ಮೂವತ್ತನಾಲ್ಕು, ಮೂವತ್ತೈದು ಇರಬಹುದು. ಹೆಸರು ವಿನೋದಾ. ಬಂದರಿನ ಐಸ್ ಪ್ಲಾಂಟಿನಲ್ಲಿ ಪೆಟ್ಟಿಗೆ ತುಂಬುವ ಕೆಲಸ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಗಾಜಿನಾಚೆ ಸೂಜಿ ಏರಿಳಿಯುವುದನ್ನೇ ಸ್ವಲ್ಪ ಹೊತ್ತು ನೋಡಿದಳು.

"ಕಣ್ಣ್ ಚುಚ್ಚದ್ದ್ ಕಾಯಿ ಒಂದ್ ಬೇಕಿತ್ತ್ ಡಾಕ್ಟ್ರೆ."

"ಯಾಕ್ರೀ?"

"ಗಂಡನ್ನ ಸುಡುಕೆ."

ಶಾಂಭವಿ ಕೈಯಲ್ಲಿದ್ದ ಪೆನ್ನನ್ನು ಕೆಳಗಿಟ್ಟಳು.

ವಿನೋದಾ ಹೇಳಿದ್ದು ಇಷ್ಟು. ಅವಳ ಗಂಡ ಜನಾರ್ದನ ಮೂರು ವರ್ಷದ ಹಿಂದೆ ಆಳಸಮುದ್ರದ ದೋಣಿಯಲ್ಲಿ ಹೋದವನು ಬರಲಿಲ್ಲ. ದೋಣಿಯ ಹಲಗೆ ಸಿಕ್ಕಿತು, ಅವನು ಸಿಗಲಿಲ್ಲ. ಸರ್ಕಾರ ಸತ್ತನೆಂದು ಬರೆದುಕೊಟ್ಟಿತು. ಮರಳಕೋಡಿಯ ಮೊಗವೀರರಲ್ಲಿ ಅಷ್ಟು ಸಾಲದು. ಹೆಣ ಸಿಗದವನಿಗೆ ದರ್ಭೆಯ ದೇಹ ಕಟ್ಟಿ, ತಲೆಯ ಜಾಗದಲ್ಲಿ ತೆಂಗಿನಕಾಯಿ ಇಟ್ಟು ಸುಡಬೇಕು. ಸುಡುವ ತನಕ ಅವನು ಸತ್ತವನಲ್ಲ, ಮನೆಗೆ ಬಾರದವನು. ಪ್ರತಿ ಅಮಾವಾಸ್ಯೆಯ ಸಂಜೆ ಹೊಸ್ತಿಲಾಚೆ ಅವನಿಗೊಂದು ಎಡೆ ಬಡಿಸಬೇಕು.

"ಅಂಗಡಿ ಕಾಯಿ ಇಟ್ಟ್ರ ಆಗೂದಿಲ್ಲೇನು?"

"ನಮ್ ಕೇರಿ ಹಿರೇರ್, ಗುರಿಕಾರ್ರ್, ಆತಿಲ್ಲ ಅಂತ್ರ್. ಕಾಯಿಗೆ ಮೂರ್ ಕಣ್ಣಲ್ದಾ? ನೀವ್ ಒಂದ್ ಕಣ್ಣ್ ಚುಚ್ಚಿ ಜೀವ ತೆಗ್ದ್ ಕಳಿಸ್ತ್ರಿ. ಕುರ್ಡ್ ತಲೆ ಇಟ್ರೆ ಅವ್ನಿಗ್ ದಾರಿ ಕಾಂತಿಲ್ಲ ಅಂತ್ರ್. ಹತ್ತ್ ಹನ್ನೊಂದ್ ವರ್ಷ ಆಯ್ತ್, ನಮ್ಮೂರಂಗೆ ಒಬ್ರನ್ನೂ ಸುಟ್ಟಿಲ್ಲ. ನಮ್ಮನಿಯವ್ರ್ ಸೇರಿ ಹನ್ನೊಂದ್ ಜನ. ಅಮಾಸೆ ದಿನ ಬೀದಿಗ್ ಬಂದ್ ಕಾಣಿ, ಸಾಲಾಗಿ ಎಲೆ."

ಈ ಯಂತ್ರದ ಬಗ್ಗೆ ಬಂದ ಆಕ್ಷೇಪಗಳನ್ನೆಲ್ಲ ಶಾಂಭವಿ ಓದಿದ್ದಳು: ರುಚಿ ಕೆಡುತ್ತದೆ, ಎಣ್ಣೆ ಇಳಿಯುವುದಿಲ್ಲ, ದೇವರಿಗೆ ಸಲ್ಲುವುದಿಲ್ಲ. ಸತ್ತವರಿಗೆ ಸಾಯಲು ಆಗುತ್ತಿಲ್ಲ ಎಂದು ಯಾರೂ ಬರೆದಿರಲಿಲ್ಲ.

"ನೀವು ನಂಬ್ತೀರೇನು ಇದನ್ನ?"

"ನಾನಾ?" ವಿನೋದಾ ನಕ್ಕಳು. "ಮೂರ್ ವರ್ಷದಿಂದ ಅವ್ರ್ ಪಾಲಿನ್ ಮೀನ್ ತಿಂದ್ ನಮ್ಮನಿ ನಾಯಿ ದಪ್ಪ ಆಯ್ತ್ ಬಿಟ್ರೆ ಬೇರೆ ಎಂತದೂ ಆಯ್ಲ." ಆಮೇಲೆ ನಗು ನಿಲ್ಲಿಸಿ ಹೇಳಿದಳು: "ಹೊರಡೋ ದಿನ ಇನ್ನೊಂದ್ ತುಂಡ್ ಮೀನ್ ಹಾಕು ಅಂದ್ರ್. ಬಂದ್ ಮೇಲೆ ತಿನ್ನಿ ಅಂದೆ. ತಡ ಆತಿತ್ತ್, ದೋಣಿಯವ್ರ್ ಕೂಗ್ತಿದ್ರ್. ಆ ಒಂದ್ ತುಂಡ್ ಬಡಿಸಿ ಬಡಿಸಿ ಸಾಕಾಯ್ತ್ ಡಾಕ್ಟ್ರೆ."

ಕಾಯ್ದೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ಕೇಂದ್ರದ ಮುಖ್ಯಸ್ಥರು ವರ್ಷಕ್ಕೆ ಹನ್ನೆರಡು ಕಾಯಿಗಳನ್ನು ತಮ್ಮ ವಿವೇಚನೆಯಂತೆ ಕೊಡಬಹುದು. ಆದರೆ ಕೊಟ್ಟ ಕಾಯಿಯನ್ನು ನಾಶ ಮಾಡುವುದಾದರೆ ಬೀಜರಕ್ಷಣಾ ಮಂಡಳಿಯ ಅನುಮತಿ ಬೇಕು. ಆಕ್ಷೇಪಗಳನ್ನು ಆಹ್ವಾನಿಸಿ ತೊಂಬತ್ತು ದಿನ ಕಾಯಬೇಕು. ಅಲ್ಲಿಯವರೆಗೆ ಅರ್ಜಿದಾರರು ಕಾಯಿಯನ್ನು ತಮ್ಮಲ್ಲೇ ಸುರಕ್ಷಿತವಾಗಿ ಇಟ್ಟುಕೊಂಡಿರಬೇಕು.

"ಮನ್ಷ ಸತ್ರೆ ಸುಡುಕೆ ಮೂರ್ ತಾಸ್, ಕಾಯಿ ಸುಡುಕೆ ಮೂರ್ ತಿಂಗ್ಳ್," ಎಂದ ವಾಸು ಅರ್ಜಿ ನಮೂನೆ ತರುತ್ತ. "ಮುಂದಿನ್ ಜನ್ಮದಂಗೆ ಕಾಯಿ ಆಯ್ಯೇ ಹುಟ್ಕ್."

ಶಾಂಭವಿ ಬಯಸಿದ್ದರೆ ಅಂದು ಸತ್ತ ಭ್ರೂಣದ ಕಾಯಿಯೊಂದನ್ನು ಕೊಡಬಹುದಿತ್ತು. ಕಣ್ಣು ಚುಚ್ಚದಿದ್ದರೆ ಸಾಕು, ಒಳಗಿನದು ಗುರಿಕಾರರಿಗೆ ಕಾಣುತ್ತಿರಲಿಲ್ಲ. ಅದು ಅವಳಿಗೆ ಹೊಳೆಯಿತು ಕೂಡ. ಆದರೆ ಆ ಹೆಂಗಸಿಗೆ ಮೋಸ ಮಾಡಬಾರದು ಅನಿಸಿತು. ಸೂಜಿಯನ್ನು ನಿಲ್ಲಿಸಿ ಇಪ್ಪತ್ತು ಕಾಯಿಗಳನ್ನು ಒಂದೊಂದಾಗಿ ಕಿರಣದ ಮುಂದೆ ಹಿಡಿದಳು. ಎಲ್ಲಕ್ಕಿಂತ ಬೆಳ್ಳಗೆ ಹೊಳೆದ ಚುಕ್ಕೆ ಯಾವುದರಲ್ಲಿತ್ತೋ ಅದನ್ನು ಆರಿಸಿ, ಮುದ್ರೆಯ ಚೀಟಿ ಕಟ್ಟಿ ಕೊಟ್ಟಳು.

ವಿನೋದಾ ಅದನ್ನು ಕಿವಿಯ ಹತ್ತಿರ ಹಿಡಿದು ಕುಲುಕಿದಳು. ನೀರು ಸದ್ದು ಮಾಡಿತು.

"ನಮ್ಮನಿಯವ್ರೂ ಹೀಂಗೇ," ಎಂದಳು. "ತಲೆ ಅಲ್ಲಾಡಿಸಿರ್ ಮಾತ್ರ ಒಳ್ಗ್ ಎಂತದೋ ಇತ್ತ್ ಅಂತ ಗೊತ್ತಾಪುದ್."

ನಲವತ್ತೊಂದನೆಯ ದಿನ ನಿಯಮದಂತೆ ಶಾಂಭವಿ ಕಾಯಿಯ ಪರಿಶೀಲನೆಗೆ ಮರಳಕೋಡಿಗೆ ಹೋದಳು. ಒಣಗಿದ ತೆಂಗಿನ ಬೊಡ್ಡೆಗಳು ದಂಡೆಯುದ್ದಕ್ಕೂ ತಲೆಯಿಲ್ಲದೆ ನಿಂತಿದ್ದವು. ಮನೆಯ ಹಿಂದಿನ ಬಚ್ಚಲಲ್ಲಿ ಜನಾರ್ದನನ ತಾಯಿ ಮೂಕಾಂಬು ಹಂಡೆಯ ಒಲೆಗೆ ಸೋಗೆ ತುರುಕುತ್ತಿದ್ದಳು. ಒಲೆಯ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ, ಮಣೆಯ ಮೇಲೆ, ಚೌಕಳಿಯ ಒದ್ದೆ ಲುಂಗಿಯಲ್ಲಿ ಸುತ್ತಿದ ಕಾಯಿ ಇತ್ತು.

ಮರಳಕೋಡಿಯವರಿಗೆ, ಕಾಯಿ ಮನೆಯೊಳಗೆ ಬಂದ ಮೇಲೆ ಅದು ಕಾಯಿಯಲ್ಲ, ಆ ಮನುಷ್ಯನೇ. ಹಿಂದೆಲ್ಲ ಹೀಗೆ ಬಂದವನು ಮೂರು ದಿನ ಇರುತ್ತಿದ್ದ. ಮೂರು ದಿನವೂ ಬಿಸಿನೀರಿನ ಸ್ನಾನ, ಅವನದೇ ಬಟ್ಟೆ, ಬೆಂಕಿಯ ಬಳಿ ಜಾಗ. ನಾಲ್ಕನೆಯ ದಿನ ಸಿಪ್ಪೆ ಸುಲಿದು ಸುಡುವುದು. ಈಗ ಮಂಡಳಿಯ ದಯೆಯಿಂದ ಮೂರು ದಿನ ತೊಂಬತ್ತಾಗಿತ್ತು. ಮೂಕಾಂಬು ಒಂದು ದಿನವನ್ನೂ ತಪ್ಪಿಸಿರಲಿಲ್ಲ.

"ಮೂರ್ ವರ್ಷ ಉಪ್ಪ್ ನೀರಂಗೆ ಇದ್ದವ. ಚಳಿ ಇರತ್ತಲ್ದಾ ಅಮ್ಮ?" ಎನ್ನುತ್ತ ಮುದುಕಿ ಚೊಂಬಿನಿಂದ ಉಗುರುಬೆಚ್ಚಗಿನ ನೀರನ್ನು ಕಾಯಿಯ ಮೇಲೆ ಸುರಿದಳು. ಅಂಗೈಯಲ್ಲಿ ಎಣ್ಣೆ ತಿಕ್ಕಿ ತೊಟ್ಟಿನ ಸುತ್ತ ಸವರಿದಳು. "ಸಣ್ಣವ ಇಪ್ಪಾಗ್ಳೂ ಹೀಂಗೇ. ಮಿಂದ್ರೆ ತಲೆ ಒರ್ಸ್ಕಂಬುದಿಲ್ಲ. ಸೋಂಬೇರಿ."

"ಅತ್ತೆ, ಸುಡೂ ಮೊದ್ಲ್ ಮದ್ವಿ ಮಾಡುಕೆ ಹೊರ್ಟಿದ್ರಿ," ಎಂದಳು ವಿನೋದಾ.

"ನೀ ಸುಮ್ನಿರ್ ಹೆಣೆ. ಇಪ್ಪಷ್ಟ್ ದಿನ ಇರ್ಲಿ."

ಶಾಂಭವಿ ಉಷ್ಣತೆ ಅಳೆದಳು: ಮೂವತ್ತೊಂದು ಡಿಗ್ರಿ. ತೇವ ಚೆನ್ನಾಗಿತ್ತು, ಸಿಪ್ಪೆಗೆ ಬೂಷ್ಟು ಹಿಡಿದಿರಲಿಲ್ಲ. ವರದಿಯಲ್ಲಿ 'ಸ್ಥಿತಿ ಉತ್ತಮ' ಎಂದು ಬರೆದಳು. ಆ ಬಚ್ಚಲಲ್ಲಿ ನಿಂತಿದ್ದವಳು ತೆಂಗಿನ ಭ್ರೂಣದ ಬಗ್ಗೆ ನಲವತ್ತು ಪ್ರಬಂಧ ಬರೆದವಳು. ಬೆಚ್ಚಗಿನ ಮೂಲೆ, ದಿನಾ ನೀರು, ಒದ್ದೆ ಬಟ್ಟೆ, ಜೀವವಿರುವ ಕಾಯಿ. ಇವು ನಾಲ್ಕು ಸೇರಿದರೆ ಏನಾಗುತ್ತದೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಅವಳು ಬಲ್ಲ ಭ್ರೂಣಗಳು ನಳಿಕೆಯಲ್ಲಿ, ಚೋದಕ ಕೊಟ್ಟರೆ ಚಿಗುರುತ್ತಿದ್ದವು, ಕೊಡದಿದ್ದರೆ ಇಲ್ಲ. ಕಾಯಿ ತನ್ನಷ್ಟಕ್ಕೆ ತಾನೇ ಮೊಳೆಯುವುದನ್ನು ಅವಳು ಒಮ್ಮೆಯೂ ಕಂಡಿರಲಿಲ್ಲ.

ಹೆದ್ದಾರಿಯವರೆಗೆ ವಿನೋದಾ ಜೊತೆಯಲ್ಲಿ ಬಂದಳು. ದಾರಿಯಲ್ಲಿ ಐಸ್ ಪ್ಲಾಂಟಿನ ಮುಂದೆ ಸೈಕಲ್ ಚೈನು ಸರಿಮಾಡುತ್ತಿದ್ದ ಒಬ್ಬ ದಪ್ಪಗಿನ ಗಂಡಸು ಅವಳನ್ನು ನೋಡಿ ಎದ್ದು ನಿಂತ. ಕೈಯ ಎಣ್ಣೆಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ಪ್ರಭಾಕರ," ಎಂದಳು ವಿನೋದಾ, ಸ್ವಲ್ಪ ದೂರ ಹೋದ ಮೇಲೆ. "ನಮ್ಮಲ್ಲೇ ಮೆಕ್ಯಾನಿಕ್. ಎರಡ್ ವರ್ಷ ಆಯ್ತ್ ಕೇಂತಾ ಇದ್ದ. ಕಾಯಿ ಸುಟ್ ಮರುದಿನ ಹೂಂ ಅಂತೆ ಅಂದಿದ್ದೆ."

"ಅತ್ತೆಗೆ ಗೊತ್ತೈತೇನು?"

"ಗೊತ್ತಿತ್ತ್. ನನ್ ಮಗ ಹೋಯ್ ಸೇರೂ ಜಾಗ ಸೇರ್ಲಿ, ಆಮೇಲ್ ನೀ ಎಲ್ಲಿ ಬೇಕಾರೂ ಹೋಗ್ ಅಂದ್ರ್." ಅವಳು ಹಿಂತಿರುಗಿ ನೋಡಿದಳು. "ಕಾಂಬುಕೆ ಅಷ್ಟೇನ್ ಚಂದ ಇಲ್ಲ. ಆರೆ ಸಂಜಿ ಆರ್ ಗಂಟಿಗ್ ಮನಿಗ್ ಬತ್ತ. ನಂಗ್ ಇನ್ನ್ ಅದೊಂದ್ ಸಾಕ್."

ಬಸ್ಸಿನಲ್ಲಿ ಕೂತು ಶಾಂಭವಿ ತುಂಬ ದಿನಗಳ ಮೇಲೆ ತನ್ನ ಬಗ್ಗೆ ಸಂತೋಷಪಟ್ಟಳು.

ಎಪ್ಪತ್ತೊಂಬತ್ತನೆಯ ದಿನ ವಿನೋದಾ ಮತ್ತೆ ಕೇಂದ್ರಕ್ಕೆ ಬಂದಳು. ವಾಸು ತಮಾಷೆ ಮಾಡದೆ ಅವಳನ್ನು ನೇರ ಒಳಗೆ ಕರೆತಂದ. ಕಂಕುಳಲ್ಲಿದ್ದ ಗಂಟನ್ನು ಅವಳು ಮೇಜಿನ ಮೇಲಿಟ್ಟು ಲುಂಗಿಯನ್ನು ಬಿಚ್ಚಿದಳು.

ಸಿಪ್ಪೆಯನ್ನು ಸೀಳಿಕೊಂಡು, ತೊಟ್ಟಿನ ಪಕ್ಕದಿಂದ, ನಾಲ್ಕು ಬೆರಳುದ್ದದ ಮೊಳಕೆ ಎದ್ದಿತ್ತು. ಬುಡದಲ್ಲಿ ದಂತದಂತೆ ಬಿಳಿ, ತುದಿಯಲ್ಲಿ ನಸುಹಸಿರು, ಈಟಿಯ ಮೊನೆಯಂತೆ ಬಿಗಿಯಾಗಿ ಮಡಚಿಕೊಂಡ ಎಲೆ.

ಶಾಂಭವಿಗೆ ಮೊದಲು ಆದದ್ದು ಸಂತೋಷ. ಅದಕ್ಕಾಗಿ ಅವಳು ಆಮೇಲೆ ಬಹಳ ಕಾಲ ನಾಚಿಕೊಂಡಳು. ಎರಡು ಲಕ್ಷ ನಳಿಕೆಗಳಲ್ಲಿ ಸಕ್ಕರೆ ಬೆರೆಸಿ, ಇದ್ದಿಲು ಬೆರೆಸಿ, ಕತ್ತಲೆ ಬೆಳಕುಗಳನ್ನು ಗಂಟೆಯ ಲೆಕ್ಕದಲ್ಲಿ ಅಳೆದು ಒಂಬತ್ತು ತಿಂಗಳಲ್ಲಿ ತಾವು ಮಾಡುವ ಕೆಲಸವನ್ನು ಒಬ್ಬ ಮುದುಕಿ ಬಚ್ಚಲಲ್ಲಿ, ಮಗನ ಲುಂಗಿಯಲ್ಲಿ, ಎರಡೂವರೆ ತಿಂಗಳಿಗೆ ಮಾಡಿ ಮುಗಿಸಿದ್ದಳು. ಶಾಂಭವಿ ಬಾಗಿ ಮೊಳಕೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಆಮೇಲೆ ವಿನೋದಾಳ ಮುಖ ನೋಡಿದಳು.

"ಗುರಿಕಾರ್ರ್ ಬಂದ್ ಕಂಡ್ರ್," ಎಂದಳು ವಿನೋದಾ. "ಮುಂಗೆ ಬಂದದ್ದನ್ನ ಸುಡುಕಾಗ ಅಂದ್ರ್. ಜೀವ ಇಪ್ಪವ್ರಿಗೆ ಬೊಜ್ಜ, ಉತ್ತರಕ್ರಿಯೆ ಮಾಡೂದಿಲ್ಲ, ಜನಾರ್ದನ ಬದ್ಕಿದ್ದ ಅಂದ್ರ್."

"ಅತ್ತೆ?"

"ಅತ್ತೆ ಕೇರಿಯಂಗೆ ಮನಿಮನಿಗೂ ಬೆಲ್ಲ ಹಂಚಿ ಬಂದ್ರ್. ಮೂರ್ ವರ್ಷದಂಗೆ ಅವ್ರ್ ನಗಾಡಿದ್ದ್ ನಾ ಕಂಡಿರ್ಲಿಲ್ಲ. ಹಲ್ಲ್ ಎಷ್ಟ್ ಉದ್ರಿತ್ತ್ ಅಂತ ಈಗ್ ಗೊತ್ತಾಯ್ತ್." ಅವಳು ನಗಲು ನೋಡಿದಳು, ಆಗಲಿಲ್ಲ. "ನಿಮ್ ಯಂತ್ರಕ್ಕೆ ಹಾಕಿ ಡಾಕ್ಟ್ರೆ. ಸಿಪ್ಪಿಗೆ ಗಾಯ ಆಗದ್ ಹಾಂಗೆ ಜೀವ ತೆಗೂಕೆ ಆತ್ತಲ್ದಾ ಅದ್ಕೆ? ತೆಗೀನಿ."

"ಆಗೂದಿಲ್ರೀ. ಮೊಳಕಿ ಒಡದ ಮ್ಯಾಲ ಯಂತ್ರಕ್ಕ ಬರೂದಿಲ್ಲ. ಒಳಗ ಅದು ದೊಡ್ಡದಾಗಿರತೈತಿ."

"ಹಾಂಗಾರೆ ಕತ್ತೀಲಿ ಕೊಯ್ನಿ. ಬುಡದಂಗೆ ಕೊಯ್ದ್, ಮೇಲೆ ಮೇಣ ಹಾಕ್ನಿ. ಬಾಡಿ ಹೋಯ್ತ್, ಸತ್ತ್ ಹೋಯ್ತ್ ಅಂತ ಹೇಳ್ತೆ. ಸತ್ತದ್ದನ್ನ ಸುಡುಕ್ ಯಾರೂ ಬೇಡ ಅಂಬುದಿಲ್ಲ."

ಶಾಂಭವಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾ ಹೇಳೂದ್ ಒಂದ್ ಕೇಳ್ರಿ. ಇದು ಅವ್ರಲ್ಲ. ಯಾವ ಒಳ್ಳೆ ಕಾಯಿಗಾದ್ರೂ ದಿನಾ ಬಿಸಿನೀರ್ ಹಾಕಿ ಬೆಚ್ಚಗಿಟ್ರ ಮೊಳಕಿ ಬರತೈತಿ. ತಪ್ಪು ನಂದು. ತೊಂಬತ್ ದಿನ ಇಟ್ಕೊಳ್ರಿ ಅಂದಾಕಿ ನಾನು, ಬಂದು ನೋಡಿ ಚೊಲೊ ಐತಿ ಅಂತ ಬರದಾಕಿನೂ ನಾನು. ಇದರಾಗ ನಿಮ್ಮ ಗಂಡ ಇಲ್ಲ."

"ನಂಗೊತ್ತಿತ್ತ್."

"ಮತ್ತ?"

"ಗೊತ್ತಿತ್ತ್ ಅಂದೆನಲೆ. ಐಸ್ ಪ್ಲಾಂಟಂಗೆ ಪೆಟ್ಟಿ ತುಂಬ್ವಾಗ ಗೊತ್ತಿರತ್ತ್. ಪ್ರಭಾಕರನ್ ಹತ್ರ ಮಾತಾಡ್ವಾಗ ಗೊತ್ತಿರತ್ತ್. ಇದ್ನ್ ಕೈಯಂಗೆ ಹಿಡ್ಕಂಡ್ರೆ ಮಾತ್ರ ಗೊತ್ತಿರುದಿಲ್ಲ. ಅದ್ಕೇ ಕೊಯ್ನಿ ಅಂಬುದ್."

ಶಾಂಭವಿ ಸೋಂಕಿಲ್ಲದ ಕೋಣೆಯಿಂದ ಭ್ರೂಣ ಸೀಳುವ ಚಿಕ್ಕ ಚಾಕುವನ್ನು ತಂದಳು. ನಾಲ್ಕು ಬೆರಳುದ್ದದ ಮೊಳಕೆಗೆ ಅದು ತೀರ ಸಣ್ಣದು, ಆದರೆ ಅವಳಲ್ಲಿದ್ದದ್ದು ಅದೇ. ಅಭ್ಯಾಸಬಲದಿಂದ ಅಲಗನ್ನು ದೀಪದ ಉರಿಯಲ್ಲಿ ಕಾಯಿಸಿದಳು. ಸಾಯಿಸುವುದಕ್ಕೆ ಅದರ ಅಗತ್ಯವಿಲ್ಲ ಎಂದು ನೆನಪಾಗಿ ದೀಪ ಆರಿಸಿದಳು. ವಿನೋದಾ ಗೋಡೆಯ ಕಡೆ ತಿರುಗಿ ನಿಂತಳು. ಎರಡೂ ಕೈಗಳಿಂದ ಸೆರಗನ್ನು ಹಿಡಿದುಕೊಂಡಿದ್ದಳು.

ಅಲಗು ಮೊಳಕೆಯ ಬುಡಕ್ಕೆ ತಾಗಿದಾಗ ಒಂದು ಹನಿ ನೀರು ಜಿನುಗಿತು. ಸದ್ದೇನೂ ಆಗಲಿಲ್ಲ.

"ನಿಲ್ಲಿ," ಎಂದಳು ವಿನೋದಾ, ತಿರುಗದೆಯೇ. "ಹ್ವಾಯ್, ನಿಲ್ಲಿ ಡಾಕ್ಟ್ರೆ. ಬೇಡ."

ಶಾಂಭವಿ ಕೈ ಹಿಂತೆಗೆದಳು.

ವಿನೋದಾ ಬಂದು ಕುರ್ಚಿಯಲ್ಲಿ ಕುಳಿತಳು. ಈ ಕೇಂದ್ರದಲ್ಲಿ ಅವಳು ಕುಳಿತದ್ದು ಅದೇ ಮೊದಲು. ಬೆರಳಿನಿಂದ ಆ ಹನಿಯನ್ನು ಒರೆಸಿದಳು, ಒರೆಸಿದ ಜಾಗವನ್ನು ಒತ್ತಿ ಹಿಡಿದಳು. ಹೊರಗೆ ಸಾಗುಪಟ್ಟಿಯ ಮೇಲೆ ಕಾಯಿಗಳು ಉರುಳುತ್ತಿದ್ದವು. ಅವಳು ಬೆರಳನ್ನು ತೆಗೆಯದೆಯೇ ಕೇಳಿದಳು:

"ಇದ್ ಎಂತ ತಿಂತತ್ತ್? ಮಣ್ಣಿಲ್ಲ, ಎಂತಿಲ್ಲ."

ಉತ್ತರ ಗೊತ್ತಿದ್ದ ಪ್ರಶ್ನೆ ಬಂದದ್ದಕ್ಕೆ ಶಾಂಭವಿಗೆ ಉಸಿರು ಬಂದಂತಾಯಿತು. ಅವಳು ಪಾಠ ಹೇಳುವ ಧ್ವನಿಯಲ್ಲಿ ವಿವರಿಸಿದಳು. ಮೊಳಕೆ ಹೊರಗೆ ಬರುವಾಗಲೇ ಒಳಗೆ, ನೀರಿನ ಜಾಗದಲ್ಲಿ, ಹತ್ತಿಯಂತೆ ಮೆತ್ತಗಿನ ಒಂದು ಗಡ್ಡೆ ಬೆಳೆಯುತ್ತದೆ. ಅದು ಹೀರುಗಡ್ಡೆ. ಮೊದಲು ನೀರನ್ನು ಕುಡಿಯುತ್ತದೆ, ಆಮೇಲೆ ತಿರುಳನ್ನು ಸ್ವಲ್ಪಸ್ವಲ್ಪವಾಗಿ ಕರಗಿಸಿ ಗಿಡಕ್ಕೆ ಕಳಿಸುತ್ತದೆ. ಹೊರಗಿನಿಂದ ನೋಡಿದರೆ ಕಾಯಿ ಇದ್ದ ಹಾಗೆಯೇ ಇರುತ್ತದೆ.

"ಎಷ್ಟ್ ದಿನ?"

"ಒಂದು, ಒಂದೂವರಿ ವರ್ಷ. ಒಳಗ ಏನೂ ಉಳಿಯೂದಿಲ್ಲ ಅನ್ನೂತನಕ."

"ಒಂದೂವರಿ ವರ್ಷ," ಎಂದಳು ವಿನೋದಾ. ಯಾರಿಗೋ ಸುದ್ದಿ ಮುಟ್ಟಿಸುವಾಗ ಸರಿಯಾಗಿ ಹೇಳಬೇಕಲ್ಲ ಎಂಬಂತೆ ಇನ್ನೊಮ್ಮೆ ಹೇಳಿಕೊಂಡಳು. "ಪ್ರಭಾಕರನ್ ಅಕ್ಕ ಅವ್ನಿಗ್ ಬೈಂದೂರ್ ಕಡೆ ಹೆಣ್ಣ್ ಕಂಡಿತ್ತ್. ಯುಗಾದಿ ತನ್ಕ ತಡೀತೆ ಅಂದಿದ್ದ."

"ಅವ್ರಿಗೆ ಹೇಳಿ ನೋಡ್ರಿ. ಎರಡ್ ವರ್ಷ ಕಾದವ್ರು, ಇನ್ನೂ..."

"ಎಂತ ಹೇಳ್ಲಿ? ನನ್ ಗಂಡನಿಗ್ ಮುಂಗೆ ಬಂದಿತ್ತ್ ಅಂತಾ?" ಅವಳು ತಲೆಯಾಡಿಸಿದಳು. "ಅವ ಒಳ್ಳೆಯವ. ಹೇಳ್ರೆ ಕಾಯ್ತ. ಅದ್ಕೇ ಹೇಳೂದಿಲ್ಲ."

ಲುಂಗಿಯನ್ನು ಮತ್ತೆ ಸುತ್ತುವಾಗ, ಮರೆತಿದ್ದನ್ನು ನೆನಪಿಸಿಕೊಂಡವಳಂತೆ ಸೊಂಟದಿಂದ ಮಡಚಿದ ಕಾಗದಗಳ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟಳು. ಕೇಂದ್ರದ ಅರ್ಜಿ ನಮೂನೆಗಳು. ಹತ್ತು. ಬೇರೆ ಬೇರೆ ಕೈಬರಹ, ಎರಡರಲ್ಲಿ ಹೆಬ್ಬೆಟ್ಟು.

"ಕೇರಿಯವ್ರ್ ಕೊಟ್ಟದ್ದ್. ಹೆಂಗೂ ಹೋತಿದ್ಯಲೆ, ಕೊಟ್ಟಿಕ್ಕ್ ಬಾ ಅಂದ್ರ್."

ಶಾಂಭವಿ ಮೇಲಿನದನ್ನು ಬಿಡಿಸಿದಳು. ಅರ್ಜಿದಾರರು: ತಾಯಿ. ಕಾಣೆಯಾಗಿ: ಒಂಬತ್ತು ವರ್ಷ. ಕಾಯಿ ಬೇಕಾಗಿರುವ ಉದ್ದೇಶ ಎಂಬಲ್ಲಿ 'ದಹನ' ಎಂದಿರಲಿಲ್ಲ. 'ಬದುಕಿದ್ದಾನೋ ಎಂದು ನೋಡುವುದಕ್ಕೆ' ಎಂದು ಬರೆದಿತ್ತು. ಎರಡನೆಯದರಲ್ಲಿಯೂ ಅದೇ. ಮೂರನೆಯದನ್ನು ಅವಳು ಬಿಡಿಸಲಿಲ್ಲ. ಸುಡಲು ಕಾಯಿ ಸಿಗಲಿಲ್ಲವೆಂದು ಎಲೆ ಹಾಕಿಕೊಂಡು ಕೂತಿದ್ದ ಹತ್ತು ಮನೆಗಳಲ್ಲಿ ಈಗ ಯಾರಿಗೂ ಸುಡುವುದು ಬೇಡವಾಗಿತ್ತು.

ವರ್ಷಕ್ಕೆ ಹನ್ನೆರಡು ಕಾಯಿ ಕೊಡಬಹುದು. ಇನ್ನೂ ಹನ್ನೊಂದು ಬಾಕಿ ಇದ್ದವು. ನಿಯಮದ ಪ್ರಕಾರ ನಿರಾಕರಿಸಲು ಕಾರಣವೇ ಇರಲಿಲ್ಲ.

"ಆ ಕಿರಣ ಹಾಕಿ ಕಂಡ್ರೆ," ಎಂದಳು ವಿನೋದಾ, "ಒಳ್ಗಿಪ್ಪುದ್ ಸತ್ತಿತ್ತಾ ಬದ್ಕಿತ್ತಾ ಅಂತ ನಿಮ್ಗ್ ಮೊದ್ಲೇ ಗೊತ್ತಾತ್ತಲ್ದಾ?"

"ಗೊತ್ತಾಗತೈತಿ."

"ನನ್ನದೂ ಗೊತ್ತಿದ್ದಿತ್ತಾ?"

"ಇಪ್ಪತ್ ಕಾಯಿ ನೋಡಿ ಆರಿಸಿದ್ದೆ," ಎಂದಳು ಶಾಂಭವಿ. "ಎಲ್ಲಾದಕ್ಕಿಂತ ಚೊಲೊ ಇದ್ದದ್ದನ್ನ."

ವಿನೋದಾ ಬೈಯಬಹುದು ಎಂದು ಶಾಂಭವಿ ಅಂದುಕೊಂಡಿದ್ದಳು. ಬೈದಿದ್ದರೆ ಒಳ್ಳೆಯದಿತ್ತು. ವಿನೋದಾ ಗಂಟನ್ನು ಎತ್ತಿ ಎಡಗಂಕುಳಿಗೆ ಏರಿಸಿಕೊಂಡಳು. ಮೊಳಕೆ ಮಾತ್ರ ಬಟ್ಟೆಯಿಂದ ಹೊರಗೆ, ಅವಳ ಭುಜದ ಪಕ್ಕಕ್ಕೆ ನಿಂತಿತು.

"ಅವ್ರಿಗೆಲ್ಲ ಸತ್ತದ್ದೇ ಕೊಡಿ ಡಾಕ್ಟ್ರೆ. ಹತ್ತೂ ಸತ್ತದ್ದೇ. ಅಳ್ತ್ರ್, ನಿಮ್ಗೂ ಬೈತ್ರ್. ನಾಕ್ ದಿನ. ಆಮೇಲ್ ಸುಡ್ತ್ರ್."

"ಅವ್ರು ಕೇಳಿದ್ದು ಅದಲ್ಲಲ್ರೀ."

"ಗೊತ್ತಿತ್ತ್. ಆರೂ ಸತ್ತದ್ದೇ ಕೊಡಿ."

"ಮತ್ತ ನಿಮ್ಮದನ್ನ?" ಎಂದಳು ಶಾಂಭವಿ. ಚಾಕು ಇನ್ನೂ ಮೇಜಿನ ಮೇಲೆಯೇ ಇತ್ತು.

ವಿನೋದಾ ಅದರ ಕಡೆ ನೋಡಲಿಲ್ಲ. ಬಾಗಿಲವರೆಗೆ ಹೋಗಿ, ಮೊಳಕೆ ಚೌಕಟ್ಟಿಗೆ ತಾಗದಂತೆ ಪಕ್ಕಕ್ಕೆ ಸರಿದು ಹೊರಗೆ ಹೋದಳು.

ಶಾಂಭವಿ ಕಿಟಕಿಯ ಬಳಿ ಬಂದು ನಿಂತಳು. ವಾಸು ಪೂಜಾರಿ ಗೇಟಿನ ಎರಡೂ ಬಾಗಿಲು ತೆಗೆದು ಹಿಡಿದ. ಬಸ್ ನಿಲ್ಲುವುದು ಹೆದ್ದಾರಿಯ ಆಚೆ ಬದಿಯಲ್ಲಿ. ಮೀನಿನ ಲಾರಿಗಳು ಒಂದರ ಹಿಂದೊಂದು ಬರುತ್ತಿದ್ದವು. ಅವುಗಳ ಗಾಳಿಗೆ ವಿನೋದಾಳ ಸೆರಗು, ಕೂದಲು ಎಲ್ಲ ಹಾರುತ್ತಿತ್ತು. ದಾಟಲು ಎಡೆ ಸಿಗುವ ತನಕ ವಿನೋದಾ ರಸ್ತೆಗೆ ಬೆನ್ನು ಹಾಕಿ ನಿಂತಳು, ಅಂಗೈಯನ್ನು ಮೊಳಕೆಗೆ ಮರೆ ಹಿಡಿದು.